ಜಿಪ್ಸಿ ಇಂಜಿನ್ ಬಿಚ್ಚಿದ್ದೇವೆ, ಬೇರಿಂಗ್ ಯಾವ ಸೈಜು ತರಬೇಕು?

ತೋಟದ ಜಿಪ್ಸಿ:

ಎಲ್ಲರಿಗೂ ನಮಸ್ಕಾರ. ನನ್ನದು 2004ರ ಜಿಪ್ಸಿ, 1.3 ಎಂಪಿಎಫ್‌ಐ. ಸಕಲೇಶಪುರದ ಹತ್ತಿರ ತೋಟಕ್ಕೆ ಓಡಾಡಲು ಆರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಎರಡು ತಿಂಗಳಿಂದ ಏರು ಹತ್ತುವಾಗ ಇಂಜಿನ್ ಒಳಗಿಂದ ಟಕ್ ಟಕ್ ಸದ್ದು ಬರುತ್ತಿತ್ತು, ಆಕ್ಸಿಲರೇಟರ್ ಬಿಟ್ಟರೆ ಕಡಿಮೆ ಆಗುತ್ತಿತ್ತು. ಆಮೇಲೆ ಇಂಜಿನ್ ಬಿಸಿಯಾದಾಗ ಐಡಲ್‌ನಲ್ಲಿ ಆಯಿಲ್ ಲೈಟ್ ಮಿನುಗೋಕೆ ಶುರುವಾಯಿತು. ಅಲ್ಲಿಗೇ ಗಾಡಿ ನಿಲ್ಲಿಸಿದೆ.

ನಾನು ಮತ್ತು ನಮ್ಮ ಮಾವ ಸೇರಿ ಇಂಜಿನ್ ಇಳಿಸಿ ಬಿಚ್ಚಿದ್ದೇವೆ. ಎರಡನೇ ಸಿಲಿಂಡರಿನ ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಗೆ ಸೇರುವ ಕಡೆಯದು) ಮೇಲಿನ ಬಿಳಿ ಪದರ ಪೂರ್ತಿ ಹೋಗಿ ತಾಮ್ರದ ಬಣ್ಣ ಕಾಣಿಸುತ್ತಿದೆ. ಅದು ಕೂರುವ ಕ್ರ್ಯಾಂಕ್ ಪಿನ್ ಮೇಲೆ ಉಗುರಿಗೆ ಸಿಗುವಷ್ಟು ಗೀರುಗಳಿವೆ. ಉಳಿದ ಮೂರು ಪರವಾಗಿಲ್ಲ ಅನ್ನಿಸುತ್ತದೆ. ಕ್ರ್ಯಾಂಕನ್ನು ಬ್ಲಾಕ್‌ನಲ್ಲಿ ಹಿಡಿದಿರುವ ಮೇನ್ ಬೇರಿಂಗ್ ಐದೂ ನೋಡೋಕೆ ಚೆನ್ನಾಗಿವೆ.

ಒಬ್ಬ ಮೆಕ್ಯಾನಿಕ್ ಎಮರಿ ಪೇಪರ್ ಹಾಕಿ ಪಿನ್ ಉಜ್ಜಿ, ಸ್ಟ್ಯಾಂಡರ್ಡ್ ಬೇರಿಂಗ್ ಸೆಟ್ ಹಾಕಿಬಿಡಿ ಅಂತಾರೆ. ಇನ್ನೊಬ್ಬರು ಹತ್ತು ಥೌ (ಇಂಚಿನ ಸಾವಿರದಲ್ಲಿ ಹತ್ತು ಭಾಗ) ಬೇರಿಂಗ್ ತಂದುಕೊಡಿ, ಅದಕ್ಕೆ ತಕ್ಕಂತೆ ಗ್ರೈಂಡ್ ಮಾಡಿಸೋಣ ಅಂತಾರೆ. ಶನಿವಾರ ಬೆಂಗಳೂರಿಗೆ ಹೋಗುವವನಿದ್ದೇನೆ, ಜೆ.ಸಿ. ರಸ್ತೆಯಲ್ಲಿ ತಂದುಬಿಡೋಣ ಅಂತ. ಯಾವುದು ತರಲಿ? ಜೋಡಣೆ ನಾವೇ ಮಾಡುತ್ತೇವೆ, ಅದಕ್ಕೂ ಏನಾದರೂ ಹೇಳಿ.

ಲೇತ್ ಮನೆ:

ದಯವಿಟ್ಟು ಈಗಲೇ ಏನೂ ತರಬೇಡಿ. ಮೊದಲು ಕ್ರ್ಯಾಂಕ್ ಅಳತೆ ಆಗಬೇಕು. ಬೇರಿಂಗ್ ಆಮೇಲೆ.

ಹಳೇ ಬೇರಿಂಗ್ ಎಸೆದಿಲ್ಲ ಅಲ್ವಾ? ಅದರ ಹಿಂಭಾಗ ಒರೆಸಿ ನೋಡಿ. ಎಸ್‌ಟಿಡಿ ಅಂತ ಇದೆಯೋ, 025 ಅಂತ ಇದೆಯೋ, 050 ಅಂತ ಇದೆಯೋ? ಸೆಕೆಂಡ್ ಹ್ಯಾಂಡ್ ಗಾಡಿ ಅಂತೀರಿ, ಹಿಂದಿನವರು ಒಮ್ಮೆ ಗ್ರೈಂಡ್ ಮಾಡಿಸಿರಬಹುದು. ಅಂಡರ್‌ಸೈಜ್ ಅನ್ನೋದು ಕ್ರ್ಯಾಂಕ್‌ಗೆ ಸಂಬಂಧಿಸಿದ ಮಾತು. ಕ್ರ್ಯಾಂಕ್ 0.25 ಮಿ.ಮೀ. ಸಣ್ಣದಾದರೆ ಬೇರಿಂಗಿನ ಎರಡು ಅರ್ಧ ಪೀಸುಗಳಲ್ಲಿ ಪ್ರತಿಯೊಂದೂ 0.125 ಮಿ.ಮೀ. ದಪ್ಪ ಆಗಬೇಕು. ಹತ್ತು ಥೌ ಅಂತ ಹೇಳೋದು ಇದನ್ನೇ. ಈಗಾಗಲೇ 025 ಆಗಿರುವ ಪಿನ್ನಿಗೆ ಸ್ಟ್ಯಾಂಡರ್ಡ್ ಬೇರಿಂಗ್ ಹಾಕಿದರೆ ಕಾಲು ಮಿಲಿಮೀಟರ್ ಸಡಿಲ ಆಗುತ್ತದೆ, ಆ ಇಂಜಿನ್ ನಿಮ್ಮ ಮನೆ ಗೇಟು ದಾಟೋದೂ ಕಷ್ಟ.

ಎಮರಿ ಪೇಪರಿನ ಮಾತು ಬಿಟ್ಟುಬಿಡಿ. ಉಗುರಿಗೆ ಗೀರು ಸಿಕ್ಕಿದರೆ ಗ್ರೈಂಡಿಂಗ್ ಆಗಲೇಬೇಕು. ಕೈಯಲ್ಲಿ ಉಜ್ಜಿದರೆ ಪಿನ್ ದುಂಡಗೆ ಉಳಿಯೋದಿಲ್ಲ. ಬಿಗ್ ಎಂಡ್ ಪಿನ್ನಿನ ಒಂದು ಕಡೆಗೇ ಪೆಟ್ಟು ಜಾಸ್ತಿ ಬೀಳೋದರಿಂದ ಅದು ಮೊದಲೇ ಮೊಟ್ಟೆಯ ಆಕಾರಕ್ಕೆ ಸವೆದಿರುತ್ತದೆ. ಮೈಕ್ರೋಮೀಟರ್ ಹಿಡಿದು ಪ್ರತಿ ಪಿನ್ನನ್ನೂ ಎರಡು ತುದಿಯಲ್ಲಿ ಅಳೆಯಿರಿ, ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಅಳತೆಗಳ ನಡುವೆ 0.01 ಮಿ.ಮೀ. ದಾಟಿದ ವ್ಯತ್ಯಾಸ ಬಂದರೆ ಆ ಕ್ರ್ಯಾಂಕ್ ಹಾಗೇ ಹಾಕುವಂತಿಲ್ಲ. ಆಮೇಲೆ ಒಂದೇ ಪಿನ್ ಹಾಳಾಗಿದ್ದರೂ ನಾಲ್ಕನ್ನೂ ಒಂದೇ ಸೈಜಿಗೆ ಗ್ರೈಂಡ್ ಮಾಡಿಸಿ. ಮೇನ್ ಚೆನ್ನಾಗಿದ್ದರೆ ಅದನ್ನು ಗ್ರೈಂಡ್ ಮಾಡಿಸಬೇಕಾಗಿಲ್ಲ.

ಹಳೇ ಸುಜುಕಿ:

ಲೇತ್ ಮನೆಯವರ ಮಾತಿಗೆ ಒಂದಿಷ್ಟು ಸೇರಿಸುತ್ತೇನೆ. ಮೇನ್ ಬೇರಿಂಗ್ ಸ್ಟ್ಯಾಂಡರ್ಡ್ ಇದ್ದರೆ ಅದರಲ್ಲೂ ಒಂದೇ ದಪ್ಪ ಇರೋದಿಲ್ಲ. ನಿಮ್ಮ ಜಿಪ್ಸಿಯ ಜಿ13 ಇಂಜಿನ್‌ನಲ್ಲಿ ಮೇನ್ ಜರ್ನಲ್ (ಮೇನ್ ಬೇರಿಂಗ್ ಒಳಗೆ ತಿರುಗುವ ಕ್ರ್ಯಾಂಕ್ ಭಾಗ) 45 ಮಿ.ಮೀ., ಆದರೆ ಫ್ಯಾಕ್ಟರಿಯಲ್ಲೇ ಕೂದಲೆಳೆಗಿಂತ ಸಣ್ಣ ವ್ಯತ್ಯಾಸ ನೋಡಿ ಮೂರು ದರ್ಜೆ ಮಾಡಿ, ಕ್ರ್ಯಾಂಕ್ ಮೇಲೆ 1, 2, 3 ಅಂತ ಒತ್ತಿರುತ್ತಾರೆ. ಬ್ಲಾಕ್‌ನ ಕೆಳಗೂ ಹಾಗೇ ಗುರುತು ಇರುತ್ತದೆ. ಎರಡನ್ನೂ ಕೂಡಿಸಿ ಹಸಿರು, ಕಪ್ಪು, ಬಣ್ಣವಿಲ್ಲದ್ದು, ಹಳದಿ, ನೀಲಿ ಅಂತ ಐದರಲ್ಲಿ ಒಂದನ್ನು ಆರಿಸಬೇಕು. ಬಣ್ಣ ಬೇರಿಂಗಿನ ಅಂಚಿನಲ್ಲಿರುತ್ತದೆ. ಅಂಗಡಿಯವರು ಎಲ್ಲಾ ಒಂದೇ ಸಾರ್ ಅಂದರೂ ಮ್ಯಾನುವಲ್‌ನ ಪಟ್ಟಿ ಇಟ್ಟುಕೊಂಡು ಕೇಳಿ. ಬಿಗ್ ಎಂಡ್‌ಗೆ ಈ ಬಣ್ಣದ ತಲೆನೋವು ಇಲ್ಲ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಎರಡನೇ ಬೇರಿಂಗ್ ಯಾಕೆ ಹೋಯಿತು? ಕಾರಣ ಸಿಗದೆ ಹೊಸದು ಹಾಕಿದರೆ ಅದೂ ಹೋಗುತ್ತದೆ. ಸಂಪ್ (ಇಂಜಿನ್ ಅಡಿಯ ಎಣ್ಣೆ ತೊಟ್ಟಿ) ಒಳಗಿನ ಸ್ಟ್ರೇನರ್ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಆಯಿಲ್ ಪಂಪ್ ಬಿಚ್ಚಿ ಗೇರುಗಳ ಮೇಲೆ ಗೀರು ಇದೆಯಾ ನೋಡಿ. ಆ ಕನೆಕ್ಟಿಂಗ್ ರಾಡ್‌ಗೆ ಬೇರಿಂಗ್ ಇಲ್ಲದೆ ಕ್ಯಾಪ್ ಹಾಕಿ, ಟಾರ್ಕ್‌ಗೆ (ಮ್ಯಾನುವಲ್ ಹೇಳುವಷ್ಟು ಬಲಕ್ಕೆ) ಬಿಗಿ ಮಾಡಿ, ಒಳಗಿನ ತೂತು ದುಂಡಗಿದೆಯಾ ಅಂತ ಬೋರಿಂಗ್ ಅಂಗಡಿಯಲ್ಲಿ ಅಳೆಸಿ. ಬೇರಿಂಗ್ ಜಾಗದಲ್ಲೇ ತಿರುಗಿದ್ದರೆ ರಾಡೂ ಹಾಳಾಗಿರುತ್ತದೆ.

ತೋಟದ ಜಿಪ್ಸಿ:

ನಿಮ್ಮಿಬ್ಬರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಬಿಗ್ ಎಂಡ್ ನಾಲ್ಕೂ ಬೇರಿಂಗಿನ ಹಿಂದೆ 025 ಇದೆ! ಮೇನ್ ಎಲ್ಲಾ ಎಸ್‌ಟಿಡಿ. ಮೊದಲ ಮೆಕ್ಯಾನಿಕ್ ಮಾತು ಕೇಳಿ ಸ್ಟ್ಯಾಂಡರ್ಡ್ ಹಾಕಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡು ಕೈಕಾಲು ತಣ್ಣಗಾಯಿತು. ಸ್ಟ್ರೇನರ್ ಅರ್ಧ ಮುಚ್ಚಿಹೋಗಿತ್ತು. ಯಾರೋ ಸಂಪ್‌ಗೆ ಗ್ಯಾಸ್ಕೆಟ್ ಪೇಸ್ಟನ್ನು ಧಾರಾಳವಾಗಿ ಮೆತ್ತಿದ್ದಾರೆ, ಒಳಗೆ ಹಿಂಡಿ ಬಂದ ಚೂರುಗಳೆಲ್ಲ ಜಾಲರಿಗೆ ಅಂಟಿಕೊಂಡಿವೆ. ರಾಡ್ ದುಂಡಗಿದೆ. ಮೇನ್ ಜರ್ನಲ್ ಐದೂ ಅಳತೆಗೆ ಸರಿ ಬಂದವು.

ಹಾಗಾದರೆ ಪಿನ್‌ಗಳನ್ನು 0.50ಗೆ ಗ್ರೈಂಡ್ ಮಾಡಿಸಿ, ಮೇನ್‌ಗೆ ಬಣ್ಣ ನೋಡಿ ಹೊಸ ಸ್ಟ್ಯಾಂಡರ್ಡ್. ಸರಿ ಅಲ್ವಾ?

ಲೇತ್ ಮನೆ:

ಸರಿ. ಆದರೆ 0.50 ಬೇರಿಂಗ್ ಸೆಟ್ ಕೈಗೆ ಬಂದ ಮೇಲೆಯೇ ಗ್ರೈಂಡಿಂಗ್‌ಗೆ ಕೊಡಿ, ಮತ್ತು ಸೆಟ್ಟನ್ನೂ ಜೊತೆಗೆ ಕೊಡಿ. ಪಿನ್ನಿನ ಎರಡೂ ಬದಿಯ ಮೂಲೆಯಲ್ಲಿ ಸಣ್ಣ ಕಮಾನಿನಂತೆ ತಿರುವು ಇರುತ್ತದೆ, ಗ್ರೈಂಡ್ ಮಾಡುವವರು ಅದನ್ನು ಚೂಪು ಮೂಲೆ ಮಾಡಬಾರದು. ಅಲ್ಲಿಂದಲೇ ಕ್ರ್ಯಾಂಕ್ ಸೀಳೋದು. ಆಯಿಲ್ ತೂತಿನ ಬಾಯಿ ಕೂಡ ನಯ ಮಾಡಿಸಿ. ಕ್ರ್ಯಾಂಕ್ ಮನೆಗೆ ಬಂದ ಮೇಲೆ ಆ ತೂತುಗಳಿಗೆ ಸಣ್ಣ ಬ್ರಷ್ ಹಾಕಿ ಸೀಮೆಎಣ್ಣೆಯಲ್ಲಿ ತೊಳೆದು ಗಾಳಿ ಹೊಡೆಯಿರಿ. ಒಮ್ಮೆ ಅಲ್ಲ, ಬಿಳಿ ಬಟ್ಟೆ ಬಿಳಿಯಾಗೇ ಉಳಿಯುವ ತನಕ.

ಹಳೇ ಸುಜುಕಿ:

ಜೋಡಿಸುವಾಗ ಬೇರಿಂಗಿನ ಬೆನ್ನು ಮತ್ತು ಅದು ಕೂರುವ ಜಾಗ ಪೂರ್ತಿ ಒಣಗಿರಲಿ. ಎಣ್ಣೆ ಒಳಮೈಗೆ ಮಾತ್ರ. ಮೇನ್‌ನಲ್ಲಿ ಎಣ್ಣೆ ಹರಿಯುವ ಕಾಲುವೆ ಇರುವ ಪೀಸು ಬ್ಲಾಕ್ ಕಡೆಗೆ. ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ಪೀಸಿನ ಕಾಲುವೆ ಕ್ರ್ಯಾಂಕ್ ಕಡೆಗೆ ಮುಖ ಮಾಡಬೇಕು. ಪೀಸು ಅಂಚಿಗಿಂತ ಒಂಚೂರು ಮೇಲೆ ಎದ್ದಿರುತ್ತದೆ. ಅದು ಬೇಕಂತಲೇ ಇರೋದು, ಅರದಿಂದ ಉಜ್ಜಬೇಡಿ. ಕ್ಯಾಪ್ ಬಿಗಿ ಮಾಡಿದಾಗ ಅದೇ ಬೇರಿಂಗನ್ನು ಜಾಗದಲ್ಲಿ ಹಿಡಿಯುತ್ತದೆ. ರಾಡ್ ಕ್ಯಾಪ್‌ಗಳನ್ನು ಅದಲುಬದಲು ಮಾಡಬೇಡಿ.

ಎಣ್ಣೆ ಹಾಕುವ ಮೊದಲು ಪ್ಲಾಸ್ಟಿಗೇಜ್‌ನಿಂದ ಒಮ್ಮೆ ನೋಡಿ. ಮೇಣದಂಥ ದಾರದ ಚೂರನ್ನು ಪಿನ್ ಮೇಲಿಟ್ಟು, ಕ್ಯಾಪ್ ಟಾರ್ಕ್‌ಗೆ ಬಿಗಿ ಮಾಡಿ, ಮತ್ತೆ ಬಿಚ್ಚಿ, ಎಷ್ಟು ಅಗಲ ಚಪ್ಪಟೆ ಆಯಿತು ಅಂತ ಜೊತೆಗೆ ಬರುವ ಪಟ್ಟಿಯಲ್ಲಿ ಹೋಲಿಸಬೇಕು. ನಡುವೆ ಕ್ರ್ಯಾಂಕ್ ತಿರುಗಿಸಬಾರದು. ಮೇನ್‌ನಲ್ಲಿ 0.02ರಿಂದ 0.04 ಮಿ.ಮೀ. ಒಳಗೆ ಬಂದರೆ ನೆಮ್ಮದಿ. ಆಮೇಲೆ ಎಣ್ಣೆ ಹಾಕಿ ಕೊನೆಯದಾಗಿ ಜೋಡಿಸುವಾಗ, ಪ್ರತಿ ಕ್ಯಾಪ್ ಬಿಗಿ ಆದ ಮೇಲೂ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ. ಎಲ್ಲಿ ಬಿಗಿ ಅನ್ನಿಸಿತೋ ಅಲ್ಲಿಗೇ ನಿಲ್ಲಿಸಿ, ಕೊನೆಗೆ ಹಾಕಿದ ಕ್ಯಾಪ್ ಬಿಚ್ಚಿ ನೋಡಿ.

ಸ್ಟಾರ್ಟ್ ಮಾಡುವ ದಿನ ಪ್ಲಗ್ ಬಿಚ್ಚಿಡಿ, ಫ್ಯುಯೆಲ್ ಪಂಪ್ ಓಡದಂತೆ ನೋಡಿಕೊಳ್ಳಿ, ಆಯಿಲ್ ಲೈಟ್ ಆರುವ ತನಕ ಸುಮ್ನೆ ಸೆಲ್ಫ್ ಹೊಡೆಯಿರಿ. ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ.

ತೋಟದ ಜಿಪ್ಸಿ:

ಎಲ್ಲಾ ಬರೆದುಕೊಂಡು ಶೆಡ್ಡಿನ ಗೋಡೆಗೆ ಅಂಟಿಸಿದ್ದೇವೆ. ಮಾವ ಈಗ ಹಳೇ ಪೇಸ್ಟ್ ಕೆರೆಯುತ್ತಾ ಕೂತಿದ್ದಾರೆ. ಕ್ರ್ಯಾಂಕ್ ಗ್ರೈಂಡಿಂಗ್‌ನಿಂದ ಬಂದ ಕೂಡಲೇ ಅಳತೆ ಇಲ್ಲಿ ಹಾಕುತ್ತೇನೆ, ನೀವು ಹೂಂ ಅಂದ ಮೇಲೆಯೇ ಕ್ಯಾಪ್ ಮುಚ್ಚೋದು.