ಜಿನೆಟಿಕ್ಸ್ ಶಾರ್ಟ್ ಕೋರ್ಸಿಗೆ ತಯಾರಿ: ಸಂಬಂಧದೊಳಗೆ ಮದುವೆಯಾಗುವ ಜನರ ಡೇಟಾಗೆ ಹ್ಯಾಂಡ್‌ಔಟ್ ಅಂಕಿಗಳು ಹೊಂದುತ್ತವೆಯೇ?

ಪಿಪೆಟ್‌ಕೈ ಕೇಳಿದ್ದು:

ಐದು ದಿನದ ಸ್ಟ್ಯಾಟಿಸ್ಟಿಕಲ್ ಜಿನೆಟಿಕ್ಸ್ ಕೋರ್ಸಿಗೆ ಸೀಟು ಸಿಕ್ಕಿದೆ. ಮೊದಲ ದಿನ ಲಿನಕ್ಸ್ ಮತ್ತು ಆರ್, ಎರಡನೇ ದಿನ ಕ್ಯೂಸಿ (ಕೆಟ್ಟ ಡೇಟಾ ಸೋಸುವುದು), ಆಮೇಲೆ ಅಸೋಸಿಯೇಷನ್ (ಯಾವ ಜಿನೆಟಿಕ್ ವ್ಯತ್ಯಾಸ ರೋಗದ ಜೊತೆ ಬರುತ್ತದೆ ಎಂಬ ಪರೀಕ್ಷೆ), ಇಂಪ್ಯುಟೇಶನ್ (ಅರೇ ಓದದ ಜಾಗಗಳನ್ನು ಬೇರೆಯವರ ಜಿನೋಮ್ ನೋಡಿ ಊಹಿಸುವುದು), ಕೊನೆಯ ದಿನ ಅವರವರ ಡೇಟಾ. ನನ್ನದು ವೆಟ್ ಲ್ಯಾಬ್. ಅಂಕಿಅಂಶದಲ್ಲಿ ಟಿ-ಟೆಸ್ಟ್‌ನಿಂದಾಚೆ ಗೊತ್ತಿಲ್ಲ. ಡೇಟಾ ಹಳೆ ಮೈಸೂರು ಭಾಗದ 1,200 ಜನರದ್ದು: 600 ಕೇಸ್ (ರೋಗ ಇರುವವರು), 600 ಕಂಟ್ರೋಲ್ (ಇಲ್ಲದವರು), ಅರೇ ಚಿಪ್ಪಿನಲ್ಲಿ 6.5 ಲಕ್ಷ ಸ್ನಿಪ್ (ಡಿಎನ್‌ಎಯಲ್ಲಿ ಜನರಿಂದ ಜನರಿಗೆ ಒಂದು ಅಕ್ಷರ ಬೇರೆಯಾಗುವ ಜಾಗ). 8 ಜಿಬಿ ಲ್ಯಾಪ್‌ಟಾಪ್ ಸಾಲುತ್ತದೆಯೇ? ಏನು ಕಲಿತು ಹೋಗಬೇಕು?

ಇನ್ನೊಂದು. ಮುಂಚೆಯೇ ಕಳಿಸಿದ ಹ್ಯಾಂಡ್‌ಔಟ್‌ನಲ್ಲಿ ಹೆಟೆರೊಜೈಗಾಸಿಟಿ (ತಂದೆ, ತಾಯಿಯಿಂದ ಬಂದ ಎರಡು ಪ್ರತಿ ಬೇರೆಬೇರೆ ಇರುವ ಜಾಗಗಳ ಪಾಲು) ಸರಾಸರಿಯಿಂದ 3 ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಶನ್) ಆಚೆ ಇದ್ದರೆ ಸ್ಯಾಂಪಲ್ ತೆಗೆಯಿರಿ, ಹಾರ್ಡಿ-ವೈನ್‌ಬರ್ಗ್ (ಸಂಬಂಧ ನೋಡದೆ ಮದುವೆಯಾದರೆ ಬರಬೇಕಾದ ಜಿನೋಟೈಪ್ ಪ್ರಮಾಣ ಬಂದಿದೆಯೇ ಎಂಬ ಪರೀಕ್ಷೆ) ಪಿ 10⁻⁶ಕ್ಕಿಂತ ಕಡಿಮೆ ಇದ್ದರೆ ಸ್ನಿಪ್ ತೆಗೆಯಿರಿ ಎಂದಿದೆ. ಅಕ್ಕನ ಮಗಳನ್ನೇ ಮದುವೆಯಾಗುವ ರೂಢಿ ಇರುವ ಕಡೆ ಇದು ನಡೆಯುತ್ತದೆಯೇ?

ಸಾಲುಕಂಬ:

ಮೊದಲ ಪ್ರಶ್ನೆಗೆ ಉತ್ತರ ಲೆಕ್ಕದಲ್ಲೇ ಇದೆ. ಪ್ಲಿಂಕ್ ಎಂಬ ಜಿನೋಟೈಪ್ ಡೇಟಾ ಪ್ರೋಗ್ರಾಮಿನ ಬೆಡ್ ಫೈಲಿನಲ್ಲಿ ಒಂದು ಜಿನೋಟೈಪಿಗೆ 2 ಬಿಟ್, ಅಂದರೆ ಒಂದು ಬೈಟಿನಲ್ಲಿ ನಾಲ್ಕು ಜನ. 1,200 ಜನಕ್ಕೆ ಪ್ರತಿ ಸ್ನಿಪ್‌ಗೆ 300 ಬೈಟ್, 6.5 ಲಕ್ಷ ಸ್ನಿಪ್‌ಗೆ 195 ಎಂಬಿ. 8 ಜಿಬಿ ಧಾರಾಳವಾಯಿತು. ಇಂಪ್ಯುಟೇಶನ್ ಮಾತ್ರ ಲ್ಯಾಪ್‌ಟಾಪ್ ಕೆಲಸವಲ್ಲ, ಅದಕ್ಕೆ ಸರ್ವರೇ ಬೇಕು. ಹೊರಗಿನ ಸರ್ವರಿಗೆ ಅಪ್‌ಲೋಡ್ ಮಾಡುವುದಾದರೆ ಮುಂಚೆ ಎಥಿಕ್ಸ್ ಕಮಿಟಿಯನ್ನು ಕೇಳಿ. ಹೆಸರು ಅಳಿಸಿದ ಮಾತ್ರಕ್ಕೆ ಜಿನೋಟೈಪ್ ಅನಾಮಧೇಯವಾಗುವುದಿಲ್ಲ.

ವಿಂಡೋಸ್ ಆದರೆ ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಮನೆಯಲ್ಲೇ ಹಾಕಿಕೊಂಡು ಹೋಗಿ. ಕೋರ್ಸಿನ ಮೊದಲ ಬೆಳಗ್ಗೆ ಇನ್‌ಸ್ಟಾಲೇಶನ್ನಿಗೇ ಮುಗಿದರೆ ದುಡ್ಡು ದಂಡ. ಹೆಡ್, ಕಟ್, ಸಾರ್ಟ್, ಜಾಯಿನ್, ಆಕ್, ಈ ಐದು ಕಮ್ಯಾಂಡ್ ಕೈಗೆ ಹತ್ತಿದರೆ ಸಾಕು. ಫೋಲ್ಡರ್ ಹೆಸರಿನಲ್ಲಿ ಸ್ಪೇಸ್ ಬೇಡ.

ಎಲ್ಲರೂ ಎಡವುವುದು ಒಬ್ಬೊಬ್ಬರಿಗೆ ಒಂದೊಂದು ಸಾಲು ಇರುವ ಫ್ಯಾಮ್ ಫೈಲಿನ ಆರನೇ ಕಾಲಮಿನಲ್ಲಿ. ಪ್ಲಿಂಕ್‌ಗೆ 1 ಅಂದರೆ ಕಂಟ್ರೋಲ್, 2 ಅಂದರೆ ಕೇಸ್, 0 ಅಂದರೆ ಮಾಹಿತಿ ಇಲ್ಲ. ಲ್ಯಾಬಿನ ಶೀಟಿನಲ್ಲಿ 0/1 ಎಂದು ಬರೆದಿದ್ದರೆ ನಿಮ್ಮ 600 ಕಂಟ್ರೋಲ್ ಮಾಯ, 600 ಕೇಸೆಲ್ಲ ಕಂಟ್ರೋಲ್. ಲಾಗ್ ಫೈಲಿನಲ್ಲಿ "0 ಕೇಸ್" ಎಂದು ಬಂದಿರುತ್ತದೆ, ಯಾರೂ ಓದಿರುವುದಿಲ್ಲ! ಪ್ರತಿ ರನ್ ಆದಮೇಲೂ ಲಾಗ್ ಓದಿ. ಐಡಿ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ: 0012 ಎಂಬುದು 12 ಆಗಿಬಿಡುತ್ತದೆ. ಜೀನ್ ಹೆಸರುಗಳು ತಾರೀಖಾಗುವ ಕಾಟಕ್ಕೆ ಸೋತು ನಾಮಕರಣ ಸಮಿತಿಯೇ 2020ರಲ್ಲಿ ಸೆಪ್ಟ್, ಮಾರ್ಚ್ ಜೀನ್‌ಗಳ ಹೆಸರು ಬದಲಿಸಿತು.

ಎಕ್ಸ್‌ವಂಶ:

ಎರಡನೇ ಪ್ರಶ್ನೆಗೆ ಬರುತ್ತೇನೆ. ಹೆಟೆರೊಜೈಗಾಸಿಟಿ ವಿಚಾರದಲ್ಲಿ ಎರಡು ಬದಿಯನ್ನೂ ಒಂದೇ ಕತ್ತರಿಯಲ್ಲಿ ಕತ್ತರಿಸಬೇಡಿ. ಪ್ಲಿಂಕ್ ಕೊಡುವ ಎಫ್ ಬೆಲೆ (ಒಳಸಂಬಂಧದ ಅಳತೆ) ಸೊನ್ನೆಗಿಂತ ಬಹಳ ಕೆಳಗಿದ್ದರೆ, ಅಂದರೆ ಹೆಟೆರೊಜೈಗಸ್ ಅತಿಯಾಗಿದ್ದರೆ, ಇಬ್ಬರ ಡಿಎನ್‌ಎ ಬೆರೆತಿದೆ ಎಂದೇ ಅನುಮಾನಿಸಿ, ತೆಗೆಯಿರಿ. ಮೇಲಿನ ಬದಿ ಬೇರೆ. ಸೋದರಮಾವ ಅಕ್ಕನ ಮಗಳನ್ನು ಮದುವೆಯಾಗಿ ಹುಟ್ಟಿದ ಮಗುವಿಗೆ ನಿರೀಕ್ಷಿತ ಎಫ್ 1/8 ಅಂದರೆ 0.125, ಸೋದರಮಾವನ ಅಥವಾ ಸೋದರತ್ತೆಯ ಮಗಳನ್ನು ತಂದುಕೊಂಡರೆ 1/16. ಸ್ಯಾಂಪಲ್ ಕೆಟ್ಟಿಲ್ಲ, ವಂಶಾವಳಿಯೇ ಹಾಗಿದೆ. ಅನುಮಾನವಿದ್ದರೆ ಎರಡು ಪ್ರತಿಯೂ ಒಂದೇ ಆಗಿರುವ ಹೋಮೊಜೈಗಸ್ ಉದ್ದಗಳನ್ನು (ಆರ್‌ಒಎಚ್) ಕೂಡಿಸಿ ನೋಡಿ. ಆಟೋಸೋಮ್ (ಲಿಂಗದವು ಬಿಟ್ಟು ಉಳಿದ ಕ್ರೋಮೋಸೋಮ್) ಒಟ್ಟು ಸುಮಾರು 2,800 ಮೆಗಾಬೇಸ್. ಅದರಲ್ಲಿ 350 ಮೆಗಾಬೇಸ್ ದೊಡ್ಡ ದೊಡ್ಡ ತುಂಡುಗಳಾಗಿ ಸಿಕ್ಕರೆ 0.125ಕ್ಕೆ ಸರಿಹೊಂದಿತು.

ಹ್ಯಾಂಡ್‌ಔಟ್‌ಗಳು ಹೇಳದ ಮಾತೊಂದಿದೆ, ಎಕ್ಸ್ ಕ್ರೋಮೋಸೋಮಿನದ್ದು. ಲಿಂಗ ತಪಾಸಣೆಯಲ್ಲಿ ಎಕ್ಸ್‌ನ ಎಫ್ 0.2ಕ್ಕಿಂತ ಕಡಿಮೆ ಇದ್ದರೆ ಹೆಣ್ಣು, 0.8ಕ್ಕಿಂತ ಹೆಚ್ಚಿದ್ದರೆ ಗಂಡು ಎಂಬ ಲೆಕ್ಕ. ಗಂಡು ತನ್ನ ಎಕ್ಸ್ ಅನ್ನು ಮಗನಿಗೆ ಕೊಡುವುದಿಲ್ಲವಲ್ಲ, ಹಾಗಾಗಿ ಯಾರ ಮಗಳು ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಗಂಡ ಸೋದರತ್ತೆಯ ಮಗಳನ್ನು ತಂದಿದ್ದರೆ, ಅವರಿಗೆ ಹುಟ್ಟಿದ ಹೆಣ್ಣುಮಗುವಿನ ಎಕ್ಸ್‌ಗೆ ಆ ಸಂಬಂಧದಿಂದ ಬರುವ ಎಫ್ ಸೊನ್ನೆ. ಸೋದರಮಾವನ ಮಗಳನ್ನು ತಂದಿದ್ದರೆ 1/8. ಅಕ್ಕನ ಮಗಳಾದರೂ 1/8. ಇದು ಸರಾಸರಿ, ಒಂದೇ ಕ್ರೋಮೋಸೋಮ್ ಆದ್ದರಿಂದ ಏರಿಳಿತ ಜಾಸ್ತಿ, 0.2 ದಾಟುವುದು ಕಷ್ಟವೇನಲ್ಲ. ಅಂಥ ಹೆಂಗಸರನ್ನು "ಲೇಬಲ್ ಅದಲುಬದಲು" ಎಂದು ತೆಗೆಯುವ ಮುಂಚೆ ಹಿಸ್ಟೋಗ್ರಾಂ ಹಾಕಿ, ವೈ ಕ್ರೋಮೋಸೋಮಿನ ಕಾಲ್ (ಅರೇ ಓದಿದ ಜಿನೋಟೈಪ್) ಎಷ್ಟಿವೆ ನೋಡಿ. ಪ್ಲಿಂಕ್‌ನ ಲಿಂಗ ತಪಾಸಣೆ ಕಮ್ಯಾಂಡ್ ಚೆಕ್-ಸೆಕ್ಸ್ ಜೊತೆ ವೈಕೌಂಟ್ ಕೊಟ್ಟರೆ ಸಿಗುತ್ತದೆ. ಅದಕ್ಕೂ ಮುಂಚೆ ಸ್ಪ್ಲಿಟ್-ಎಕ್ಸ್ (ಎಕ್ಸ್, ವೈ ಎರಡರಲ್ಲೂ ಇರುವ ತುದಿಭಾಗ ಬೇರ್ಪಡಿಸುವ ಕಮ್ಯಾಂಡ್) ಓಡಿಸಿರಬೇಕು.

ಪಿಪೆಟ್‌ಕೈ:

ಹಾಗಾದರೆ ಹಾರ್ಡಿ-ವೈನ್‌ಬರ್ಗ್ ಫಿಲ್ಟರನ್ನೂ ಬಿಟ್ಟುಬಿಡಲೇ? ಒಳಸಂಬಂಧ ಇದ್ದರೆ ಎಲ್ಲ ಸ್ನಿಪ್‌ಗಳೂ ಅದರಲ್ಲಿ ಬಿದ್ದುಹೋಗುವುದಿಲ್ಲವೇ?

ಲ್ಯಾಂಬ್ಡಾ:

ಬಿಡಬೇಡಿ. ಎಲ್ಲರೂ ಹೆದರುವಷ್ಟು ಏನಿಲ್ಲ. ಈ ಪರೀಕ್ಷೆಯ ಕೈ-ಸ್ಕ್ವೇರ್ (ನಿರೀಕ್ಷೆಯಿಂದ ಎಷ್ಟು ದೂರ ಎಂಬ ಅಳತೆ) ಸುಮಾರಾಗಿ ಎನ್ (ಜನರ ಸಂಖ್ಯೆ) ಗುಣಿಸು ಎಫ್ ವರ್ಗ. ಪಿ 10⁻⁶ ಆಗಬೇಕಾದರೆ ಕೈ-ಸ್ಕ್ವೇರ್ 23.9 ಬೇಕು. ಈ ಫಿಲ್ಟರನ್ನು ಕಂಟ್ರೋಲ್‌ಗಳಲ್ಲಿ ಮಾತ್ರ ಹಾಕಬೇಕು, ಕೇಸ್‌ಗಳಲ್ಲಿ ನಿಜವಾದ ರೋಗದ ಸ್ನಿಪ್ಪೇ ವಾಲಿರಬಹುದು. ನಿಮ್ಮ ಕಂಟ್ರೋಲ್ 600, 23.9 ಭಾಗಿಸು 600, ಅದರ ವರ್ಗಮೂಲ 0.2. ಇಡೀ ಗುಂಪಿನ ಸರಾಸರಿ ಎಫ್ 0.03 ಇದ್ದರೂ ಕೈ-ಸ್ಕ್ವೇರ್‌ಗೆ ಅದು ಸೇರಿಸುವುದು 0.54 ಅಷ್ಟೆ. ಒಬ್ಬರ ಎಫ್ 0.125 ಎಂಬುದಕ್ಕೂ ಗುಂಪಿನ ಸರಾಸರಿಗೂ ಗೊಂದಲ ಬೇಡ. 20,000 ಕಂಟ್ರೋಲ್ ಇದ್ದಿದ್ದರೆ 0.035ಕ್ಕೇ ಗಡಿ ದಾಟುತ್ತಿತ್ತು, ಆಗ ಚಿಂತಿಸಬೇಕು.

ನಿಮ್ಮ ಡೇಟಾಗೆ ನಿಜವಾದ ಅಪಾಯ ಬೇರೆ ಕಡೆ ಇದೆ. ಕೇಸ್‌ಗಳು ಒಂದು ಆಸ್ಪತ್ರೆಯಿಂದ, ಕಂಟ್ರೋಲ್‌ಗಳು ಬೇರೆ ಸಮುದಾಯ ಹೆಚ್ಚಿರುವ ಊರಿನಿಂದ ಬಂದಿದ್ದರೆ ರೋಗದ ಬದಲು ಜಾತಿಯನ್ನೇ ಪತ್ತೆ ಹಚ್ಚುತ್ತೀರಿ. ಪ್ರೂನ್ ಮಾಡಿ (ಜೊತೆಜೊತೆಗೇ ಬರುವ ಸ್ನಿಪ್‌ಗಳನ್ನು ಕಡಿಮೆ ಮಾಡುವುದು; ಪ್ಲಿಂಕ್‌ಗೆ ಕೊಡುವ ಅಂಕಿ 50, 5, 0.2), 6ನೇ ಕ್ರೋಮೋಸೋಮಿನ ಎಚ್‌ಎಲ್‌ಎ (ರೋಗನಿರೋಧಕ ಜೀನ್‌ಗಳ) ಭಾಗ ಬಿಟ್ಟು, ಪಿಸಿಎ (ಜಿನೋಟೈಪ್ ಹೋಲಿಕೆಯಂತೆ ಜನರನ್ನು ಹತ್ತಿರ-ದೂರ ಇಡುವ ನಕ್ಷೆ) ಹಾಕಿ ಕೇಸ್ ಕೆಂಪು, ಕಂಟ್ರೋಲ್ ನೀಲಿ ಬಳಿಯಿರಿ. ಬಣ್ಣ ಬೇರೆಬೇರೆ ನಿಂತರೆ ಕೋರ್ಸಿಗೆ ಹೋಗುವ ಮುಂಚೆಯೇ ತಲೆಬೇನೆ ಗೊತ್ತಾಯಿತು. ನೆಂಟರು ಬಹಳ ಇದ್ದರೆ ಒಬ್ಬೊಬ್ಬರನ್ನೇ ಕಿತ್ತುಹಾಕುವ ಬದಲು ನೆಂಟಸ್ತಿಕೆಯನ್ನೂ ಲೆಕ್ಕಕ್ಕೆ ಹಿಡಿಯುವ ಮಿಕ್ಸೆಡ್ ಮಾಡೆಲ್ ಬಗ್ಗೆ ಮೂರನೇ ದಿನ ಕೇಳಿ. ಕೇಸ್ ಒಂದು ಪ್ಲೇಟ್, ಕಂಟ್ರೋಲ್ ಇನ್ನೊಂದು ಪ್ಲೇಟ್ ಎಂದು ಅರೇ ಓಡಿಸಿದ್ದರೆ ಮಾತ್ರ ಯಾವ ಮಾಡೆಲ್ಲೂ ಕೈ ಹಿಡಿಯುವುದಿಲ್ಲ.

ಇಂಪ್ಯುಟೇಶನ್ ಬಗ್ಗೆ: ಊಹೆಗೆ ಆಧಾರವಾಗಿ ಬಳಸುವ 1000 ಜಿನೋಮ್ಸ್ ಯೋಜನೆಯ ಮೂರನೇ ಹಂತದ 2,504 ಜನರಲ್ಲಿ ದಕ್ಷಿಣ ಏಷ್ಯಾದವರು 489. ಗುಜರಾತಿ, ಪಂಜಾಬಿ, ಬಂಗಾಳಿ, ಯುಕೆಯಲ್ಲಿರುವ ತೆಲುಗರು, ಶ್ರೀಲಂಕಾ ತಮಿಳರು, ಅಷ್ಟೆ. ಕನ್ನಡಿಗರ ಗುಂಪೇ ಇಲ್ಲ. ಅಪರೂಪದ ವೇರಿಯಂಟ್‌ಗಳ ಮೇಲೆ ಭಾರ ಹಾಕಬೇಡಿ, ಇನ್ಫೋ ಸ್ಕೋರ್ (ಊಹೆ ಎಷ್ಟು ನಂಬಬಹುದು ಎಂಬ ಅಂಕ) ನೋಡಿ. ಯಾವ ಸ್ಯಾಂಪಲ್ ಯಾವ ಪ್ಲೇಟಿನಲ್ಲಿತ್ತು ಎಂಬ ಪ್ಲೇಟ್ ಮ್ಯಾಪ್ ಇದ್ದರೆ ಕೊನೆಯ ದಿನಕ್ಕೆ ಪ್ರಿಂಟ್ ತೆಗೆದುಕೊಂಡು ಹೋಗಿ.