ಸಹಾಯ ಬೇಕು: ನೀರಿನಿಂದ ನೆಲಕ್ಕೆ ಬಂದ ಪ್ರಾಣಿಗಳ ಪಾಠಕ್ಕೆ ಚಿತ್ರ

ಎಲ್ಲರಿಗೂ ನಮಸ್ಕಾರ. ಒಂಬತ್ತನೇ ತರಗತಿಯ ಮಕ್ಕಳಿಗೆ ಕಶೇರುಕಗಳು, ಅಂದರೆ ಬೆನ್ನೆಲುಬುಳ್ಳ ಪ್ರಾಣಿಗಳು, ನೆಲಕ್ಕೆ ಬಂದ ಕಥೆಯನ್ನು ಹೇಳುತ್ತಿದ್ದೇನೆ. 2004ರಲ್ಲಿ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಸಿಕ್ಕ ಟಿಕ್ಟಾಲಿಕ್‌ನ ಚಿತ್ರ ನನ್ನಲ್ಲಿದೆ. ಸುಮಾರು 37.5 ಕೋಟಿ ವರ್ಷ ಹಳೆಯ ಮೀನು. ಈಜುರೆಕ್ಕೆಯೊಳಗೆ ಮಣಿಕಟ್ಟಿನಂಥ ಮೂಳೆಗಳು! ನೋಡಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ತೊಡಕಾಗಿರುವುದು ಮೊಟ್ಟೆಯ ಭಾಗ. ಕಪ್ಪೆಯ ಮೊಟ್ಟೆ ತೇವವಿಲ್ಲದಿದ್ದರೆ ಒಣಗಿಹೋಗುತ್ತದೆ. ಹಲ್ಲಿಯ ಮೊಟ್ಟೆ ಗೋಡೆಯ ಸಂದಿಯಲ್ಲೂ ಉಳಿಯುತ್ತದೆ. ಅದರ ಚಿಪ್ಪಿನೊಳಗೆ ಭ್ರೂಣವನ್ನು ಸುತ್ತುವರಿದ, ದ್ರವ ತುಂಬಿದ ಆಮ್ನಿಯಾನ್ ಎಂಬ ಚೀಲವಿರುತ್ತದೆ. ನಿನ್ನೆ ಕೋಳಿಮೊಟ್ಟೆ ಒಡೆದು ಚಿಪ್ಪಿಗಂಟಿದ ಬಿಳಿ ಪೊರೆಯನ್ನು ತೋರಿಸಿದಾಗ ಹುಡುಗಿಯೊಬ್ಬಳು, “ಇದೇ ಆ ಚೀಲವೇ, ಮಿಸ್?” ಎಂದಳು. ಅಲ್ಲ. ಭ್ರೂಣ ಬೆಳೆಯದ ಮೊಟ್ಟೆಯಲ್ಲಿ ಆ ಚೀಲ ಇರುವುದೇ ಇಲ್ಲ.

ಆಮ್ನಿಯಾನ್ ಚೀಲವನ್ನು ಕನ್ನಡದಲ್ಲಿ ಗುರುತಿಸಿದ ಸ್ಪಷ್ಟ ಚಿತ್ರ ಯಾರಲ್ಲಾದರೂ ಇದ್ದರೆ ಸೋಮವಾರದೊಳಗೆ ದಯವಿಟ್ಟು ಕಳುಹಿಸಿ. ಹಾವು ಕಳಚಿದ ಪೊರೆಯ ಹತ್ತಿರದ ಫೋಟೊ ಇದ್ದರೆ ಅದನ್ನೂ ಕೊಡಿ; ನೀರು ಆವಿಯಾಗದಂತೆ ತಡೆಯುವ ಚರ್ಮವನ್ನು ಮಕ್ಕಳು ಕಣ್ಣಾರೆ ನೋಡಬೇಕು.