ಅಪ್‌ಡೇಟ್: ದೂರು ಬಿದ್ದುಹೋದರೆ ಮಗಳ ಕೇಸೂ ಮುಗಿಯುತ್ತಾ?

ಹೆಂಡತಿ ಕೊಟ್ಟ ಹಲ್ಲೆ ದೂರು ಒಂದು ಕಡೆ, ಮಗಳು ಯಾರ ಹತ್ತಿರ ಇರಬೇಕು ಅನ್ನೋ ಕೇಸು ಇನ್ನೊಂದು ಕಡೆ. ಮೊದಲನೆಯದು ಬಿದ್ದುಹೋದರೆ ಎರಡನೆಯದೂ ಮುಗಿಯುತ್ತಾ ಅಂತ ಕೇಳಿದ್ದೆ. ಮುಗಿಯಲ್ಲ. ಕ್ರಿಮಿನಲ್ ಕೋರ್ಟಿನಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ತಪ್ಪು ಸಾಬೀತಾಗಬೇಕು. ಫ್ಯಾಮಿಲಿ ಕೋರ್ಟು ನೋಡುವುದು ಮಗುವಿನ ಹಿತ, ಅಲ್ಲಿ ಅಷ್ಟು ಗಟ್ಟಿ ಸಾಕ್ಷಿ ಬೇಕಿಲ್ಲ. ಜೊತೆಗೆ, ಒಂದು ಕೇಸಿನಲ್ಲಿ ಆಡಿದ ಮಾತು ಇನ್ನೊಂದರಲ್ಲಿ ನನಗೇ ತಿರುಗಬಹುದು. ನಾನೋ, ಮೂರು ಪುಟ ವಿವರಣೆ ಬರೆದುಕೊಂಡು ಹೋಗಿದ್ದೆ! ವಕೀಲರು ಎರಡು ಪುಟಕ್ಕೆ ಸುಮ್ನೆ ಅಡ್ಡಗೆರೆ ಎಳೆದರು.

ಮೊನ್ನೆ ರಾತ್ರಿ ಹೆಂಡತಿಯಿಂದಲೇ ‘ಮಾತಾಡೋಣ’ ಅಂತ ಮೆಸೇಜ್ ಬಂತು. ಉತ್ತರ ಟೈಪ್ ಮಾಡಿ, ಕಳಿಸದೆ ಅಳಿಸಿದೆ. ಅವಳನ್ನು ಸಂಪರ್ಕಿಸಬಾರದು ಅನ್ನೋ ಕೋರ್ಟಿನ ಆದೇಶ ಇರುವುದು ನನ್ನ ಮೇಲೆ, ಅಲ್ವಾ? ಅವಳ ಮೆಸೇಜನ್ನು ಹಾಗೇ ಇಟ್ಟುಕೊಂಡು ಸ್ಕ್ರೀನ್‌ಶಾಟ್ ವಕೀಲರಿಗೆ ಕಳಿಸಿದೆ. ವಿಚಾರಣೆ ಇನ್ನೂ ಶುರುವಾಗಿಲ್ಲ.